ಪ್ಲಾನಿಂಗ್ ಆಫೀಸಲ್ಲಿದ್ದು ಸೈಡ್ ಕೆಲಸ ಹಿಡಿಯೋ ಮುಂಚೆ

ದಾವಣಗೆರೆಲಿ ಈಗ ಹದಡಿ ರೋಡ್ ಕಡೆ ಹೋಗ್ರಿ, ಶಾಮನೂರು ಕಡೆ ಹೋಗ್ರಿ, ಎಲ್ಲಿ ನೋಡಿದ್ರೂ ಲೇಔಟೇ, ಹಂಗಾಗಿ ಆಟೋಕ್ಯಾಡಲ್ಲಿ ನಕ್ಷೆ ಹಾಕೋಕೆ ಬರೋರಿಗೆ, ಅದ್ರಲ್ಲೂ ಪ್ಲಾನಿಂಗ್ ಆಫೀಸ್ ಒಳಗಿರೋರಿಗೆ, ಬೆಣ್ಣೆದೋಸೆ ತಿನ್ನೋಕೆ ಕೂತಲ್ಲೇ "ಸರ್ ಒಂದು ಡ್ರಾಯಿಂಗ್ ಮಾಡ್ಕೊಡ್ರಿ, ಒಂದು ಸಂಡೇ ಸಾಕು" ಅಂತ ಶುರುವಾಗುತ್ತೆ.

ನಾನೂ ಒಂದ್ಸಲ ಹೂಂ ಅಂದಿದ್ದೆ. ಸಂಬಂಧಿಕರದ್ದು, ದುಡ್ಡೂ ತಗೊಂಡಿರ್ಲಿಲ್ಲ. ಎರಡು ತಿಂಗಳಿಗೆ ಅದೇ ಶೀಟು ಬೇರೆ ಇಂಜಿನಿಯರ್ ಸೀಲ್ ಹೊತ್ಕೊಂಡು ಅಪ್ರೂವಲ್‌ಗೆ ನನ್ ಟೇಬಲ್ಲಿಗೇ ಬಂತು, ಸೀನಿಯರ್ ಒಬ್ರು ಬಗ್ಗಿ ನೋಡಿ "ಈ ನಾರ್ತ್ ಆರೋ ನಿಂದಲ್ವೇನೋ" ಅಂದ್ರು. ಉತ್ತರ ದಿಕ್ಕು ತೋರ್ಸೋಕೆ ಬಾಲ ಸೊಟ್ಟಗಿರೋ ಆ ಬಾಣ ನಾನು ಕಾಲೇಜಿಂದ್ಲೂ ಹಾಕ್ತಿದ್ದೆ. ಪಾರ್ಕಿಗೆ ಜಾಗ ಕಮ್ಮಿ ಐತೆ ಅಂತ ಷರಾ ಬರೀಬೇಕಾದೋನೂ ನಾನೇ, ಕಮ್ಮಿ ಬಿಟ್ಟು ಗೆರೆ ಎಳೆದೋನೂ ನಾನೇ!

ಅದಕ್ಕೆ ಮೊದ್ಲು ಕೇಳ್ಕೋಬೇಕಾದ್ದು ದುಡ್ಡೆಷ್ಟು ಅಂತಲ್ಲ, ಈ ಫೈಲು ಕೊನೆಗೆ ಯಾರ ಟೇಬಲ್ಲಿಗೆ ಬರುತ್ತೆ ಅಂತ. ಲೇಔಟ್ ಅಪ್ರೂವಲ್, ಭೂ ಉಪಯೋಗ ಬದಲಾವಣೆ ಎಲ್ಲಾ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಕೆಳಗೆ ನಮ್ಮಂಥ ಆಫೀಸಿಗೇ ಬರೋದು, ಹಂಗೆ ಬರೋದಾದ್ರೆ ಬೇಡ, ಅಲ್ಲಿಗೇ ಮುಗೀತು.

ಬರಲ್ಲ ಅಂದ್ರೂ ಕೆಲಸ ಶುರು ಮಾಡೋ ಮುಂಚೆ ಬರವಣಿಗೇಲಿ ಪರ್ಮಿಷನ್ ತಗೋರಿ. ಸರ್ಕಾರಿ ನೌಕರರ ನಡತೆ ನಿಯಮ ಹೇಳೋದೂ ಅದನ್ನೇ, ಅಮೆರಿಕದಲ್ಲಿ ಪ್ಲಾನರ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಎಐಸಿಪಿ ಸಂಸ್ಥೆಯ ನೀತಿಸಂಹಿತೇಲಂತೂ, ಒಪ್ಪಿಗೆ ಬೇಡ ಅಂತ ಆಫೀಸೇ ಬರೆದಿಟ್ಟಿರೋ ಪಾಲಿಸಿ ಇಲ್ದಿದ್ರೆ, ಪುಕ್ಕಟೆ ಮಾಡಿದ್ರೂ ಪೂರ್ತಿ ಬರೆದು ತಿಳಿಸಿ ಒಪ್ಪಿಗೆ ಪಡೀಲೇಬೇಕು. ಲೆಟರಲ್ಲಿ ಪಾರ್ಟಿ ಯಾರು, ಸರ್ವೆ ನಂಬರ್ ಯಾವ್ದು, ಸಂಭಾವನೆ ಎಷ್ಟು, ಯಾವಾಗ ಮಾಡ್ತೀರಿ ಎಲ್ಲಾ ಇರ್ಲಿ, ಬರೀ "ಖಾಸಗಿ ಕೆಲಸ" ಅಂತ ಗೀಚಬೇಡ್ರಿ. ಲೆಟರ್ ಆಫೀಸಿಗೆ ಬಂತು ಅನ್ನೋ ಇನ್ವರ್ಡ್ ನಂಬರ್ ಹಾಕಿಸ್ಕೊಂಡು ಕಾಪಿ ಇಟ್ಕೊಳ್ರಿ. ಉತ್ತರ ಬರ್ಲಿಲ್ಲ ಅಂದ್ರೆ ಒಪ್ಪಿದ್ರು ಅಂತಲ್ಲ ಮತ್ತೆ! ಕಾಂಟ್ರಾಕ್ಟ್ ಮೇಲಿದ್ರೆ ನಿಮ್ಮ ನೇಮಕಾತಿ ಆರ್ಡರ್ ತೆಗೆದು ಓದ್ರಿ.

ಹೆಂಡ್ತಿ ಹೆಸ್ರಲ್ಲಿ ಕನ್ಸಲ್ಟೆನ್ಸಿ ತೆಗೆಯೋ ಐಡಿಯಾ ಎಲ್ರಿಗೂ ಹೊಳೆಯುತ್ತೆ, ಅವ್ರು ನಿಜವಾಗ್ಲೂ ಆರ್ಕಿಟೆಕ್ಟಾದ್ರೆ ಅದು ಬೇರೆ ಮಾತು, ಆಗ್ಲೂ ಆಫೀಸಿಗೆ ತಿಳಿಸಿರ್ಬೇಕು, ಅವ್ರಿಗೆ ಗಿರಾಕಿ ಹಿಡ್ಕೊಡೋ ಕೆಲಸ ನೀವು ಮಾಡಂಗಿಲ್ಲ. ಆಫೀಸ್ ಕಂಪ್ಯೂಟರು, ಇನ್ನೂ ಹೊರಗೆ ಬಿಡದ ಮಾಸ್ಟರ್ ಪ್ಲಾನ್ ಕರಡು, ಇವೆರಡು ಮುಟ್ಟಲೇಬೇಡ್ರಿ.

ಇಷ್ಟಾದ್ಮೇಲೂ ಗೊತ್ತಿರೋರ ಫೈಲು ಬಂದೇ ಬಂತು ಅಂದ್ರೆ ಫೈಲಿನ ನೋಟ್ ಶೀಟಲ್ಲಿ, ಅಂದ್ರೆ ಷರಾ ಬರೆಯೋ ಹಾಳೇಲಿ, ಸಂಬಂಧ ಏನು ಅಂತ ಬರೆದು ಬೇರೆಯೋರಿಗೆ ಕೊಡಿ ಅನ್ರಿ. ನಾನೂ ಕೊನೆಗೆ ಹಂಗೇ ಬರೆದೆ, ಸಂಬಂಧಿಕರು ಎರಡು ಹಬ್ಬಕ್ಕೆ ಕರೀಲಿಲ್ಲ.