ರಿಮೇಂಡರ್ ಪುಸ್ತಕದ ಲಾಟ್ ಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ
ಅಮೆರಿಕ, ಇಂಗ್ಲೆಂಡಿನ ರಿಮೇಂಡರ್ ಪುಸ್ತಕಗಳನ್ನು, ಅಂದರೆ ಮಾರಾಟವಾಗದೆ ಉಳಿದು ಪ್ರಕಾಶಕರು ಅಗ್ಗಕ್ಕೆ ಬಿಡುವ ಪ್ರತಿಗಳನ್ನು, ಸಗಟಾಗಿ ಕೊಳ್ಳುವಾಗ ಪುಸ್ತಕದ ಮೇಲೆ ಅಚ್ಚಾದ ಬೆಲೆಗೆ ಎಷ್ಟು ಕಡಿತ ಅಂತ ನೋಡಲೇಬೇಡಿ, ಸಾಗಣೆ, ಹಮಾಲಿ ಎಲ್ಲ ಸೇರಿಸಿದ ಒಟ್ಟು ಖರ್ಚನ್ನು ನಿಜವಾಗಿ ಮಾರಾಟವಾಗುವ ಪ್ರತಿಗಳಿಂದ ಭಾಗಿಸಿ. 500 ಪ್ರತಿಯ ಲಾಟ್‌ಗೆ 50,000, ಸಾಗಣೆಗೆ 10,000 ಅಂದುಕೊಳ್ಳಿ. ಪ್ರತಿಗೆ 120 ರೂಪಾಯಿ ಅನ್ನಿಸುತ್ತೆ. ಅದರಲ್ಲಿ 200 ಪ್ರತಿ ಯಾರಿಗೂ ಬೇಡದ್ದಾದರೆ ಉಳಿದ ಒಂದೊಂದೂ ನಿಮಗೆ 200ಕ್ಕೆ ಬಿದ್ದಂತೆ. ಪ್ರಕಾಶಕರು ಗೋದಾಮು ಖಾಲಿ ಮಾಡಲು, ಎಷ್ಟೋ ಸಲ ಅಚ್ಚಿನ ಖರ್ಚಿಗಿಂತ ಕಡಿಮೆಗೇ ಕೊಡುತ್ತಾರೆ, ಹಾಗಾಗಿ 30 ಡಾಲರ್ ಅಂತ ಅಚ್ಚಾಗಿದ್ದರೂ ಆ ಅಂಕಿಗೆ ಇಲ್ಲಿ ಬೆಲೆಯಿಲ್ಲ. ಬೆಲೆ ನಿಂತಿರುವುದು ಆಯ್ಕೆಯ ಮೇಲೆ: ಬೇಕಾದ ಹೆಸರು ಆರಿಸಿಕೊಂಡರೆ ಜಾಸ್ತಿ, ಕಣ್ಣು ಮುಚ್ಚಿ ಇಡೀ ರಾಶಿ ಎತ್ತಿದರೆ ಕಡಿಮೆ. ಇನ್ನೊಂದು ಮಾತು, ಹಾಳೆಗಳ ಅಂಚಿನಲ್ಲಿ ಕಪ್ಪು ಮಾರ್ಕರ್ ಗೆರೆ ಇದ್ದರೆ ಗಾಬರಿ ಬೇಡ. ಪುಸ್ತಕವನ್ನು ಮತ್ತೆ ಪ್ರಕಾಶಕರಿಗೆ ವಾಪಸ್ ಮಾಡಿ ಪೂರ್ತಿ ಹಣ ಕೇಳಬಾರದು ಅಂತ ಹಾಕುವ ಗುರುತು ಅದು, ಒಳಗೆ ಪುಸ್ತಕ ಹೊಸದೇ. ಅಂಗಡಿಗಳಿಂದ ವಾಪಸ್ ಬಂದ ಮಾಲು ಬೇರೆ. ಅದರಲ್ಲಿ ಮೂಲೆ ಮಡಚಿದ, ಜಾಕೆಟ್ (ಹೊರಗಿನ ಕಾಗದದ ಹೊದಿಕೆ) ಹರಿದ ಪ್ರತಿಗಳು ಇರುತ್ತವೆ, ನಿಮಗೆ ಕೊಡುತ್ತಿರುವುದು ಯಾವ ಮಾಲು ಅಂತ ಮೊದಲೇ ಕೇಳಿ. ಒಂದೇ ಪುಸ್ತಕದ ನೂರಾರು ಪ್ರತಿ ಇರುವ ಲಾಟ್‌ನಲ್ಲಿ ಈ ಲೆಕ್ಕ ಕೈಕೊಡುತ್ತೆ, ಮೊದಲ ಹತ್ತು ಬೇಗ ಹೋಗಿ ಉಳಿದದ್ದು ವರ್ಷಗಟ್ಟಲೆ ಜಾಗ ತಿನ್ನುತ್ತೆ. ಹಳೇ ಕಂಪ್ಯೂಟರ್ ಪುಸ್ತಕ, ಇಸವಿ ಹಾಕಿದ ಪ್ರವಾಸ ಗೈಡ್ ಎಷ್ಟೇ ಅಗ್ಗವಾದರೂ ಬೇಡ.