ಮುಯ್ಯಿ ಬರೆಯೋಕೆ ಕೂತು ಕಲಿತದ್ದು

"ಮದುವೆ ಊಟಕ್ಕೆ ಹೋಗೋಕೆ ಪಿಎಚ್‌ಡಿ ಬೇರೆ ಕೇಡು" ಅಂತ ನಕ್ಕವರಿದ್ದರು. ಈಗ ಅವರ ವಿದ್ಯಾರ್ಥಿಗಳೇ ಮುಯ್ಯಿ (ಮದುವೆಯಲ್ಲಿ ಹೆಸರು ಬರೆಸಿ ಕೊಡೋ ದುಡ್ಡು) ಲೆಕ್ಕದಿಂದ ಯಾರಿಗೆ ಯಾರು ಹತ್ತಿರ ಅಂತ ತಿಳಿಯೋದು ಹೇಗೆ ಎಂದು ಕೇಳಿಕೊಂಡು ನನ್ನ ಹತ್ತಿರ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯ ಸುತ್ತಿನ ನಾಲ್ಕು ಹಳ್ಳಿಯಲ್ಲಿ ಯಾರಿಗೆ ಯಾರು ಬೇಕಾದವರು ಅನ್ನೋದು ನನ್ನ ಪ್ರಶ್ನೆ. ಮೊದಲು ಪ್ರಶ್ನಾವಳಿ ಹಿಡಿದೇ ಹೊರಟೆ. ಜೆರಾಕ್ಸ್‌ಗೇ ಎರಡೂವರೆ ಸಾವಿರ ಹೋಯಿತು, ಪೆಟ್ರೋಲು ಬೇರೆ. ಎಲ್ಲ ಮನೆಯಲ್ಲೂ ಒಂದೇ ಉತ್ತರ: "ನಮಗೆ ಎಲ್ರೂ ಬೇಕಾದವ್ರೇ ಸಾರ್." ಆಮೇಲೆ ಹಳೇ ಮುಯ್ಯಿ ಪುಸ್ತಕ ತೋರಿಸಿ ಅಂದೆ. ಸಾಲ ವಸೂಲಿಗೆ ಬಂದವನು ಅಂದುಕೊಂಡು ಒಬ್ಬರು ಬಾಗಿಲೇ ಹಾಕಿಕೊಂಡರು.

ಕೊನೆಗೆ ಮುಯ್ಯಿ ಬರೆಯೋಕೆ ನಾನೇ ಕೂತೆ, ಮನೆಯವರಿಗೆ ವಿಷಯ ಹೇಳಿಯೇ. ಅಕ್ಷರ ದುಂಡಗಿದೆ, ಕೂಡೋದು ತಪ್ಪಲ್ಲ. ಎರಡು ಮದುವೆ ಮುಗಿಯೋದರೊಳಗೆ ಮೂರನೆಯವರು ತಾವೇ ಹೇಳಿಕಳಿಸಿದರು. ಒಂದೂವರೆ ವರ್ಷದಲ್ಲಿ ಹದಿನಾಲ್ಕೋ ಹದಿನೈದೋ ಮದುವೆ. ಪ್ರತಿ ಕಡೆ ನಾನೂ ಇನ್ನೂರು ಬರೆಸಲೇಬೇಕು, ಅದೊಂದು ಮೂರು ಸಾವಿರ. ಮನೆಯಲ್ಲಿ ಬೈಸಿಕೊಂಡದ್ದು ಲೆಕ್ಕಕ್ಕಿಲ್ಲ.

ಉಡುಗೊರೆ ಪಡೆದವನು ತಿರುಗಿ ಕೊಡಲೇಬೇಕಾಗುತ್ತದೆ ಅಂತ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲೇ ಹೇಳಿದ್ದರು. ಬರೆಯೋ ಕೈಗೆ ಸಿಗೋದು ಇನ್ನೂ ಸಣ್ಣ ವಿಷಯ. ಐನೂರು ಪಡೆದವರು ಐನೂರೊಂದೋ ಆರುನೂರೋ ಬರೆಸಿದರೆ ಹೋಗಿಬರೋದು ಇದ್ದೇ ಇರುತ್ತದೆ. ಪಡೆದಷ್ಟನ್ನೇ ತಂದಿಟ್ಟರೆ ಲೆಕ್ಕ ಚುಕ್ತಾ. ಹಾಗೆ ಚುಕ್ತಾ ಮಾಡಿಕೊಂಡ ಮನೆಗಳ ನಡುವೆ ಮುಯ್ಯಾಳು, ಅಂದರೆ ಒಬ್ಬರ ಗದ್ದೆಗೆ ಇನ್ನೊಬ್ಬರು ಆಳಾಗಿ ಹೋಗಿಬರೋದೂ ನಿಂತುಹೋದದ್ದನ್ನು ಮೂರು ಕಡೆ ಕಂಡೆ. ಮತ್ತೆ, ತೀರಾ ಹತ್ತಿರದವರು ಪುಸ್ತಕದಲ್ಲೇ ಇರೋದಿಲ್ಲ. ಸೋದರಮಾವ ಓಲೆ ಮಾಡಿಸಿರುತ್ತಾನೆ, ಅಣ್ಣ ಅಕ್ಕಿ ಮೂಟೆ ಇಳಿಸಿರುತ್ತಾನೆ. ಇದು ತಿಳಿಯದೆ ಮೊದಲ ಐದು ಮದುವೆಯ ಕೋಷ್ಟಕ ಪೂರ್ತಿ ತಲೆಕೆಳಗಾಗಿತ್ತು.

ಒಮ್ಮೆ ಟಿಪ್ಪಣಿ ಪುಸ್ತಕದ ಮೇಲೆ ಸಾರಿನ ಬಕೆಟ್ಟು ಮಗುಚಿತು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಟಿಪ್ಪಣಿ ಕಳೆದುಕೊಂಡ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ನೆನಪಿನಿಂದ ಒಂದು ಊರಿನ ಮೇಲೆ ಪುಸ್ತಕವನ್ನೇ ಬರೆದರು; ನನಗೆ ನಲವತ್ತು ಹೆಸರು ತೆಗೆಯೋಕೇ ಬೆವರಿಳಿಯಿತು.

ಧಾರವಾಡದ ಕಡೆ ಆಯೇರಿ (ಮದುವೆ ಉಡುಗೊರೆ) ಲೆಕ್ಕ ಹಿಡಿಯೋಕೂ ಹೋಗಿದ್ದೆ. ಸೀರೆ, ಪಂಚೆಗೆ ಬೆಲೆ ಕಟ್ಟೋಕೆ ಬರದೆ ವಾಪಸು ಬಂದೆ. ಕ್ಯೂಆರ್ ಕೋಡ್ ಇಟ್ಟಿದ್ದ ಒಂದು ಮದುವೆಯಲ್ಲಿ ದುಡ್ಡು ಬಂತು, ಯಾವ ಊರು, ಯಾರ ಮಗ ಅನ್ನೋದು ಬರಲಿಲ್ಲ. ಟ್ರಂಕಿನೊಳಗಿನ ಹಳೇ ಪುಸ್ತಕ ಹೊರಗೆ ತೆಗೆಸೋದು ಹೇಗೆ ಅಂತ ಮಾತ್ರ ಕೇಳಬೇಡಿ. ಅಜ್ಜಿಯರನ್ನು ಹಿಡಿಯಿರಿ ಅನ್ನೋಷ್ಟು ಸಾಕು.

ಹೋದ ವರ್ಷ ಮಗಳಿಗೆ ಕಿವಿ ಚುಚ್ಚಿಸಿದಾಗ ಆ ಊರಿನವರೆಲ್ಲ ಹುಡುಕಿಕೊಂಡು ಬಂದರು. ಯಾರದೋ ಇನ್ನೂರೈವತ್ತು, ಯಾರದೋ ಮುನ್ನೂರು. ಒಂದು ಮನೆಯದು ಮಾತ್ರ ಸರಿಯಾಗಿ ಇನ್ನೂರು. ಆ ಮನೆ ಮುಂದೆ ಬೈಕು ನಿಲ್ಲಿಸೋ ಧೈರ್ಯ ಇನ್ನೂ ಬಂದಿಲ್ಲ.