ಪ್ರಶ್ನೆಗಿಂತ 200 ಪಾಯಿಂಟ್ ಮೇಲಿದ್ದವರು ಸಾಕು, ಟಾಪರ್ ಬೇಡ

ಪೈಥಾನ್ ಕಲಿಯುವ ಡಿಪ್ಲೊಮಾ, ಬಿಸಿಎ ಹುಡುಗರ ಆನ್‌ಲೈನ್ ಡೌಟ್ ಗುಂಪು ನನ್ನದು. ಹತ್ತಿರಹತ್ತಿರ ನಾನೂರು ಜನ. ಡೌಟ್ ಬಂದ ಕೂಡಲೇ ಗುಂಪಿನಲ್ಲೇ ತಕ್ಕವರನ್ನು ಹುಡುಕಿ ಬಾಟ್ (ತಾನಾಗೇ ಕೆಲಸ ಮಾಡುವ ಪ್ರೋಗ್ರಾಂ) ಅದನ್ನು ಅವರಿಗೆ ದಾಟಿಸಬೇಕು ಅಂದೆ. "ನಾಲ್ಕು ಜಾಣರನ್ನು ಕೂರಿಸು, ಇದಕ್ಕೆ ಯಾರಿಗೆ ಎಷ್ಟು ಗೊತ್ತು ಅಂತ ಅಳೆಯೋ ಮಾಡೆಲ್ ಬೇರೆ ಯಾಕೆ?" ಅಂದವರೇ ಜಾಸ್ತಿ.

ಅದನ್ನೂ ಮಾಡಿ ನೋಡಿದೆ. ಟಾಪರ್‌ಗಳು ಪೂರ್ತಿ ಕೋಡ್ ಬರೆದು ಕಳಿಸಿಬಿಡುತ್ತಿದ್ದರು. ಕೇಳಿದವನು ಕಾಪಿ ಹೊಡೆದು, ಮುಂದಿನ ವಾರ ಅದೇ ಡೌಟ್ ಹೊತ್ತು ಬರುತ್ತಿದ್ದ. ತಿಂಗಳಾಗುವಷ್ಟರಲ್ಲಿ ಟಾಪರ್‌ಗಳೂ ಸುಸ್ತು. ಆಮೇಲೆ ಯಾರಿಗೆ ಏನು ಗೊತ್ತು ಅಂತ ಫಾರಂ ತುಂಬಿಸಿದೆ. ಫಂಕ್ಷನ್ ತನ್ನನ್ನೇ ಕರೆಯುವ ರಿಕರ್ಷನ್‌ಗೆ ಟಿಕ್ ಹಾಕಿದವರಲ್ಲಿ ಅರ್ಧ ಜನ ಅದರ ಮೊದಲ ಉದಾಹರಣೆ ಫ್ಯಾಕ್ಟೋರಿಯಲ್ ದಾಟಿರಲಿಲ್ಲ.

ಮುಂದಿನದು ನಾಲೆಡ್ಜ್ ಟ್ರೇಸಿಂಗ್, ಅಂದರೆ ಸರಿ-ತಪ್ಪು ಉತ್ತರ ನೋಡಿ ಯಾರಿಗೆ ಎಷ್ಟು ಗೊತ್ತಾಗಿದೆ ಅಂತ ಅಂದಾಜಿಸುವ ಮಾಡೆಲ್, ಸಂಶೋಧಕರಾದ ಕಾರ್ಬೆಟ್ ಮತ್ತು ಆಂಡರ್ಸನ್ 1995ರಲ್ಲಿ ಕೊಟ್ಟದ್ದು. ಒಂದೊಂದು ವಿಷಯಕ್ಕೂ ನಾಲ್ಕು ಪ್ಯಾರಾಮೀಟರ್, ಅಂದರೆ ಉತ್ತರಗಳಿಂದ ಅಂದಾಜಿಸಬೇಕಾದ ಸಂಖ್ಯೆಗಳು. ನನ್ನ ಹತ್ತಿರ ಒಬ್ಬೊಬ್ಬರದು ಐದಾರು ಉತ್ತರ ಇದ್ದರೆ ಹೆಚ್ಚು. ಅವುಗಳಲ್ಲಿ ಗೆಸ್ (ಗೊತ್ತಿಲ್ಲದೆಯೂ ಸರಿಯಾಗುವ ಸಾಧ್ಯತೆ), ಸ್ಲಿಪ್ (ಗೊತ್ತಿದ್ದೂ ತಪ್ಪುವ ಸಾಧ್ಯತೆ) ಎರಡೂ ದಿನಕ್ಕೊಂದು ಥರ ಬರುತ್ತಿದ್ದವು. ಸರ್ವರ್ ಬಾಡಿಗೆ, ಒಟಿಪಿ ಎಸ್ಸೆಮ್ಮೆಸ್ ಅಂತ ಹನ್ನೆರಡು ಸಾವಿರ ರೂಪಾಯಿಯಷ್ಟು ಕೈಬಿಟ್ಟು ಹೋಯಿತು.

ಕೊನೆಗೆ ಕೈಹಿಡಿದದ್ದು ಚೆಸ್‌ನ ಈಲೋ ರೇಟಿಂಗ್: ಎದುರಾಳಿಯನ್ನು ಗೆದ್ದರೆ ಏರುವ, ಸೋತರೆ ಇಳಿಯುವ ಅಂಕ. ಹುಡುಗರಿಗೂ ರೇಟಿಂಗ್, ಪ್ರಶ್ನೆಗೂ ರೇಟಿಂಗ್; ಸರಿ ಬಿಡಿಸಿದರೆ ಹುಡುಗರದು ಏರುತ್ತದೆ, ತಪ್ಪಿದರೆ ಪ್ರಶ್ನೆಯದು. ಲೂಪ್‌ಗೆ ಬೇರೆ, ಲಿಸ್ಟ್‌ಗೆ ಬೇರೆ. ಪ್ರಶ್ನೆಗಿಂತ 200 ಮೇಲಿದ್ದವರು ಅದನ್ನು ಬಿಡಿಸುವ ಸಾಧ್ಯತೆ ಸುಮಾರು 76%, 400 ಮೇಲಿದ್ದರೆ 91%. ನಾನು ಬೇಕಂತಲೇ 200ರ ಆಸುಪಾಸಿನವರನ್ನು ಹಿಡಿದೆ. ಅವರು ಅದೇ ಗುಂಡಿಗೆ ಮೊನ್ನೆ ಮೊನ್ನೆ ಬಿದ್ದೆದ್ದವರು. ಒಬ್ಬನಿಗೆ 'ಇಂಡೆಕ್ಸ್ ಔಟ್ ಆಫ್ ರೇಂಜ್' (ಲಿಸ್ಟಿನಲ್ಲಿ ಇಲ್ಲದ ಜಾಗ ಕೇಳಿದರೆ ಬರುವ ಎರರ್) ಬಂದಾಗ ಅಂಥ ಹುಡುಗಿಯೊಬ್ಬಳು ಬರೆದದ್ದು ಇಷ್ಟೇ: "ಲೆನ್ (ಲಿಸ್ಟಿನ ಉದ್ದ) ಎಷ್ಟು ಬರ್ತಿದೆ, ಪ್ರಿಂಟ್ ಹಾಕಿ ನೋಡು. ರೇಂಜ್‌ಗೆ ಒಂದು ಯಾಕೆ ಕೂಡಿಸಿದೆ?" ಹತ್ತು ನಿಮಿಷದಲ್ಲಿ ಅವನೇ ಸರಿಮಾಡಿಕೊಂಡ. ಇದಕ್ಕೇ ಅಲ್ವಾ ನಾವು ಒದ್ದಾಡಿದ್ದು!

ರೇಟಿಂಗ್ ಒಂದೇ ಸಾಲದು. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಡೌಟ್ ಇದ್ದವರಿಗೆ ನೆರವಾಗುವ ಸಹಪಾಠಿಯನ್ನು ಹುಡುಕಿಕೊಡುವ ಐ-ಹೆಲ್ಪ್ ಕಟ್ಟಿದಾಗ ಬಿಡುವು ಇದೆಯಾ, ಮನಸ್ಸಿದೆಯಾ ಅಂತಲೂ ನೋಡುತ್ತಿದ್ದರು. ನಾನೂ ಒಬ್ಬರಿಗೆ ದಿನಕ್ಕೆ ಎರಡೇ ಡೌಟ್ ಅಂತ ಮಿತಿ ಹಾಕಿದೆ. ಹೊಸಬರ ರೇಟಿಂಗ್ ಮೂರೇ ಪ್ರಶ್ನೆಯಲ್ಲಿ ಕೂರಿಸುತ್ತೇನೆ. ಯಾವ ಮೂರು ಅಂತ ಮಾತ್ರ ಹೇಳೋದಿಲ್ಲ.

ನಡುವೆ ಒಂದೇ ಕಾಲೇಜಿನವರನ್ನು ಜೋಡಿಸಿ ನೋಡಿದೆ. ನಾಚಿಕೆಗೆ ಕೇಳುವುದನ್ನೇ ಬಿಟ್ಟರು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಹೇಳುವವರನ್ನು ಕೊಟ್ಟೆ. ಮರುಪ್ರಶ್ನೆಗಳು ದುಪ್ಪಟ್ಟಾದವು.

ಮೊದಲು ಉತ್ತರಕ್ಕೆ ನಾಲ್ಕೈದು ಗಂಟೆ ಕಾಯಬೇಕಿತ್ತು, ಈಗ ಇಪ್ಪತ್ತು ನಿಮಿಷ. ಟೆಲಿಗ್ರಾಂ ಬಾಟ್‌ಗೆ ಶುಲ್ಕವಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲೇ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಓಡುತ್ತದೆ, ಕರೆಂಟ್ ಬಿಲ್ ಬಿಟ್ಟರೆ ಖರ್ಚಿಲ್ಲ. ಈಗ ಡೇಟಾಬೇಸ್ ಪ್ರಶ್ನೆಗಳಿಗೂ ರೇಟಿಂಗ್ ಕೂರಿಸುತ್ತಿದ್ದೇನೆ. ಅದರಲ್ಲಿ ಜಾಯಿನ್ (ಎರಡು ಟೇಬಲ್ ಜೋಡಿಸುವ) ಪ್ರಶ್ನೆಗಳ ರೇಟಿಂಗ್ ಇನ್ನೂ ಮೇಲೆ ಕೆಳಗೆ ಹಾರುತ್ತಿದೆ.